ಯಾವ ಮಂಜುನಾಥ?

'ಸಿಬಿಲ್ ಬರ್ತಿಲ್ಲ ಸಾರ್.' ಬ್ಯಾಂಕಿನ ಸಾಲ ವಿಭಾಗದ ಮೇಜಿನಾಚೆಯಿಂದ ಈ ಮಾತು ಬಂದರೆ ಅದಕ್ಕೆ ಮೇಲ್ಮನವಿಯೇ ಇಲ್ಲವೆಂದು ನಮ್ಮಲ್ಲಿ ಹೆಚ್ಚಿನವರು ನಂಬಿಬಿಟ್ಟಿದ್ದಾರೆ. ಪ್ಯಾನ್ ನಂಬರ್ ಒತ್ತಿದ್ದಾಯಿತು, ಪರದೆಯ ಮೇಲೆ 300ರಿಂದ 900ರ ನಡುವಿನ ಒಂದು ಅಂಕ ಮೂಡಿದ್ದಾಯಿತು. ಆ ಅಂಕ ಸಾಲದು, ಆದ್ದರಿಂದ ಸಾಲವಿಲ್ಲ. ಕಂಪ್ಯೂಟರೇ ಹೇಳಿದ ಮೇಲೆ ವಾದಿಸುವುದೇನಿದೆ?

ಬೇಕಾದಷ್ಟಿದೆ. ಆ ಅಂಕ ಕೊಟ್ಟ ಯಂತ್ರಕ್ಕೆ ನಿಮ್ಮ ಪರಿಚಯವಿಲ್ಲ. ನೂರಾರು ಬ್ಯಾಂಕು, ಫೈನಾನ್ಸ್ ಕಂಪನಿ, ಸಹಕಾರಿ ಸಂಸ್ಥೆಗಳು ಕಳಿಸಿದ ಕೋಟಿಗಟ್ಟಲೆ ದಾಖಲೆಗಳ ರಾಶಿ ಅದರ ಮುಂದಿರುತ್ತದೆ. ಆ ರಾಶಿಯಲ್ಲಿ ಯಾವ ಯಾವ ದಾಖಲೆಗಳು ಒಬ್ಬನೇ ಮನುಷ್ಯನವು ಎಂದು ಅದು ಊಹಿಸುತ್ತದೆ. ಊಹೆ ಎಂದದ್ದು ಬೈಗುಳವಲ್ಲ. ಈ ಊಹೆಗೆ ಗಟ್ಟಿಯಾದ ಒಂದು ಸಿದ್ಧಾಂತವಿದೆ, ಅರ್ಧ ಶತಮಾನ ಮೀರಿದ ಇತಿಹಾಸವಿದೆ, ಎಷ್ಟು ಸಲ ತಪ್ಪಬಹುದು ಎಂಬ ಲೆಕ್ಕವೂ ಅದರೊಳಗೇ ಇದೆ. ಸಾಲದ ವರದಿಯ ಮೇಲೆ ತಕರಾರು ಹಾಕುವುದೆಂದರೆ ಯಾರನ್ನೋ ಬೇಡಿಕೊಳ್ಳುವುದಲ್ಲ. ಆ ಊಹೆಗೆ ಹೊಸ ಪುರಾವೆ ಒದಗಿಸುವುದು. ಯಾವ ಪುರಾವೆಗೆ ಎಷ್ಟು ತೂಕ ಎಂದು ಗೊತ್ತಿದ್ದವರ ಅರ್ಜಿ ಬೇಗ ಇತ್ಯರ್ಥವಾಗುತ್ತದೆ.

ಸಿಬಿಲ್ ಎಂಬುದು ಈಗ ಅಂಕದ ಹೆಸರೇ ಆಗಿಹೋಗಿದ್ದರೂ ಮೂಲದಲ್ಲಿ ಅದೊಂದು ಕಂಪನಿ. ಹುಟ್ಟಿದ್ದು 2000ದಲ್ಲಿ. 2005ರಲ್ಲಿ ಸಂಸತ್ತು ಸಾಲ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯ್ದೆ ಮಾಡಿತು. ಇಂದು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಇಂಥ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಸಾಲ ಕೊಡುವ ಪ್ರತಿ ಸಂಸ್ಥೆಯೂ ನಾಲ್ಕಕ್ಕೂ ಸದಸ್ಯನಾಗಬೇಕೆಂದು 2015ರಲ್ಲಿ ರಿಸರ್ವ್ ಬ್ಯಾಂಕ್ ಆದೇಶಿಸಿತು. ಹಾಗಾಗಿ ನಿಮ್ಮ ಒಂದೇ ಬೈಕ್ ಸಾಲ ನಾಲ್ಕು ಕಡೆ ಕೂತಿರುತ್ತದೆ, ನಾಲ್ಕು ಯಂತ್ರಗಳು ಅದು ಯಾರದ್ದೆಂದು ತಮ್ಮ ತಮ್ಮ ಲೆಕ್ಕದಲ್ಲಿ ಊಹಿಸಿರುತ್ತವೆ. ಒಂದರಲ್ಲಿ 760 ಬಂದವರಿಗೆ ಇನ್ನೊಂದರಲ್ಲಿ 690 ಬಂದರೆ ಗಾಬರಿಯಾಗಬೇಕಿಲ್ಲ. ಆದರೆ ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದುವುದು ಒಳ್ಳೆಯದು.

*

ಈ ಊಹೆಯ ಶಾಸ್ತ್ರ ಬ್ಯಾಂಕಿಗಾಗಿ ಹುಟ್ಟಿದ್ದಲ್ಲ. ಕೆನಡಾದ ಚಾಕ್ ರಿವರ್ ಅಣು ಸಂಶೋಧನಾ ಕೇಂದ್ರದಲ್ಲಿ ಹೊವಾರ್ಡ್ ನ್ಯೂಕೂಂಬ್ ಎಂಬ ತಳಿವಿಜ್ಞಾನಿ ಇದ್ದರು. ವಿಕಿರಣದಿಂದ ವಂಶವಾಹಿಗಳಿಗೆ ಹಾನಿಯಾಗುತ್ತದೆಯೇ ಎಂದು ತಿಳಿಯಲು ಅವರಿಗೆ ತಲೆಮಾರುಗಳ ದಾಖಲೆ ಬೇಕಿತ್ತು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಜನನ ದಾಖಲೆಗಳು ಒಂದು ಕಡೆ, ಹಿಂದಿನ ವರ್ಷಗಳ ಮದುವೆ ದಾಖಲೆಗಳು ಇನ್ನೊಂದು ಕಡೆ. ಈ ಮಗು ಯಾವ ದಂಪತಿಯದ್ದು ಎಂದು ಕಂಪ್ಯೂಟರ್‌ನಿಂದ ಹೊಂದಿಸಬೇಕು. ಎರಡನ್ನೂ ಬೆಸೆಯುವ ಒಂದೇ ನಂಬರ್ ಎಂಬುದು ಆಗ ಇರಲಿಲ್ಲ. ಹೆಸರುಗಳ ಸ್ಪೆಲ್ಲಿಂಗ್ ಬದಲಾಗಿತ್ತು, ವಯಸ್ಸು ತಪ್ಪಾಗಿತ್ತು. ನ್ಯೂಕೂಂಬ್ ಮತ್ತು ಸಂಗಡಿಗರು 1959ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತಮ್ಮ ಉಪಾಯ ಪ್ರಕಟಿಸಿದರು. ಎಲ್ಲ ಹೊಂದಾಣಿಕೆಗಳೂ ಒಂದೇ ತೂಕದವಲ್ಲ, ಅಪರೂಪದ ಹೆಸರು ಹೊಂದಿದರೆ ಅದಕ್ಕೆ ಹೆಚ್ಚು ಬೆಲೆ, ಬೀದಿಗೊಬ್ಬರಿರುವ ಹೆಸರು ಹೊಂದಿದರೆ ಕಡಿಮೆ ಬೆಲೆ ಎಂಬುದೇ ಅದರ ತಿರುಳು. ಹತ್ತು ವರ್ಷಗಳ ನಂತರ, 1969ರಲ್ಲಿ, ಕೆನಡಾದ ಸಂಖ್ಯಾಶಾಸ್ತ್ರ ಇಲಾಖೆಯ ಐವಾನ್ ಫೆಲೆಗಿ ಮತ್ತು ಅಲನ್ ಸಂಟರ್ ಇದಕ್ಕೆ ಗಣಿತದ ಚೌಕಟ್ಟು ಹಾಕಿದರು. ಸಾಲ ಮಾಹಿತಿ ಕಂಪನಿಗಳು ಬಳಸುವ ಸೂತ್ರ ಅವರವರ ವ್ಯಾಪಾರದ ಗುಟ್ಟು. ಆದರೆ ಹೆಸರು, ಹುಟ್ಟಿದ ದಿನ, ವಿಳಾಸ ಹಿಡಿದು ದಾಖಲೆ ಹೊಂದಿಸುವ ಯಾವ ವ್ಯವಸ್ಥೆಗೂ ಈ ಲೆಕ್ಕದಿಂದ ಬಿಡುಗಡೆಯಿಲ್ಲ.

ಲೆಕ್ಕ ಸರಳ. ಎರಡು ದಾಖಲೆಗಳಲ್ಲಿ ಒಂದು ವಿವರ ತಾಳೆಯಾಯಿತು ಎನ್ನಿ. ಎರಡೂ ಒಬ್ಬನವೇ ಆಗಿದ್ದರೆ ಅದು ತಾಳೆಯಾಗುವ ಸಂಭವ ಎಷ್ಟು? ಇಬ್ಬರು ಬೇರೆಯವರಾಗಿದ್ದೂ ಸುಮ್ಮನೆ ತಾಳೆಯಾಗುವ ಸಂಭವ ಎಷ್ಟು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಆ ಪುರಾವೆಯ ಬಲ ಸಿಗುತ್ತದೆ. ಆ ಭಾಗಲಬ್ಧ 2ರ ಎಷ್ಟನೆಯ ಘಾತ ಎಂಬುದೇ ತೂಕ. ಗಂಡು-ಹೆಣ್ಣು ಎಂಬ ಖಾನೆ ತಾಳೆಯಾದರೆ ತೂಕ 1 ಅಷ್ಟೇ, ಏಕೆಂದರೆ ಯಾರನ್ನು ತಂದು ಪಕ್ಕಕ್ಕೆ ನಿಲ್ಲಿಸಿದರೂ ಅರ್ಧ ಪಾಲು ಸಂದರ್ಭದಲ್ಲಿ ಅದು ಹೊಂದುತ್ತದೆ. ಹುಟ್ಟಿದ ತಿಂಗಳು ಹೊಂದಿದರೆ ಸುಮಾರು ಮೂರೂವರೆ. ಪೂರ್ತಿ ಜನ್ಮದಿನಾಂಕವೇ ಹೊಂದಿದರೆ? ಸಾಲ ಪಡೆಯುವವರ ವಯಸ್ಸು ನಲವತ್ತು ವರ್ಷಗಳಲ್ಲಿ ಹರಡಿದೆ ಎಂದುಕೊಂಡರೆ 365 ಗುಣಿಸು 40, ಅಂದರೆ 14,600ರಲ್ಲಿ ಒಂದು. ತೂಕ ಹೆಚ್ಚುಕಡಿಮೆ 14. ಪ್ಯಾನ್ ಹೊಂದಿದರೆ ಮಿಕ್ಕದ್ದನ್ನು ನೋಡುವ ಅಗತ್ಯವೇ ಇಲ್ಲ. 50 ಕೋಟಿಯಲ್ಲಿ ಒಂದು ಎಂದರೂ ತೂಕ 29. ಹೊಂದದಿದ್ದರೆ ತೂಕ ಋಣದ ಕಡೆಗೆ ವಾಲುತ್ತದೆ. ಖಾನೆ ಖಾಲಿ ಇದ್ದರೆ ತೂಕ ಸೊನ್ನೆ. ಎಲ್ಲ ಕೂಡಿಸಿ ಒಂದು ಗಡಿ ದಾಟಿದರೆ 'ಇಬ್ಬರೂ ಒಬ್ಬನೇ' ಎಂಬ ತೀರ್ಪು.

ಈಗ ಇದನ್ನು ನಮ್ಮೂರಿಗೆ ತನ್ನಿ. ಕರ್ನಾಟಕದಲ್ಲಿ ಒಂದು ತಲೆಮಾರಿನ ಎಷ್ಟೋ ಜನ ದಾಖಲೆಯಲ್ಲಿ ಹುಟ್ಟಿದ್ದು ಜೂನ್ 1ರಂದು. ಶಾಲೆ ಶುರುವಾಗುವುದೇ ಆಗ. ಮಗುವನ್ನು ಸೇರಿಸಲು ಬಂದ ಅಪ್ಪನಿಗೆ ತಾರೀಖು ನೆನಪಿಲ್ಲ, 'ಮುಂಗಾರು ಶುರುವಾಗಿತ್ತು ಮೇಷ್ಟ್ರೇ' ಎಂದಷ್ಟೇ ಗೊತ್ತು. ಮೇಷ್ಟ್ರು ವಯಸ್ಸು ಸರಿಹೋಗುವಂತೆ ಜೂನ್ 1 ಎಂದು ಬರೆದುಕೊಂಡರು. ಒಂದು ಪ್ರದೇಶದ ಒಂದು ವಯೋಮಾನದವರಲ್ಲಿ ಹತ್ತಕ್ಕೊಬ್ಬರು ಹೀಗೆ ಎಂದು ಉದಾಹರಣೆಗೆ ಹಿಡಿಯೋಣ. ಆಗ 365ರ ಜಾಗಕ್ಕೆ 10 ಬಂತು, 14,600 ಇದ್ದದ್ದು 400 ಆಯಿತು, 14 ಇದ್ದ ತೂಕ 9ಕ್ಕಿಂತ ಕೆಳಗಿಳಿಯಿತು. ಮೇಷ್ಟ್ರ ಈ ಅನುಕೂಲ ಗೊತ್ತಿಲ್ಲದ ಯಂತ್ರ ಮಾತ್ರ 14ನ್ನೇ ಕೊಡುತ್ತಿರುತ್ತದೆ.

ಹೆಸರಿನ ಕಥೆ ಇನ್ನೂ ಸೊಗಸು. ಮಂಡ್ಯ ಜಿಲ್ಲೆಯಲ್ಲಿ ಒಬ್ಬ ಮಂಜುನಾಥ ಇದ್ದಾನೆಂದು ಕಲ್ಪಿಸಿಕೊಳ್ಳಿ. ಆಧಾರ್‌ನಲ್ಲಿ ಅವನು 'ಮಂಜುನಾಥ ಕೆ ಎಂ'. ಪ್ಯಾನ್‌ಗೆ ಅರ್ಜಿ ಹಾಕುವಾಗ ಇನಿಷಿಯಲ್ ನಡೆಯುವುದಿಲ್ಲ ಎಂದದ್ದಕ್ಕೆ ಊರು, ಅಪ್ಪ ಎಲ್ಲರೂ ಸೇರಿಕೊಂಡು 'ಕೊಪ್ಪ ಮರಿಗೌಡ ಮಂಜುನಾಥ' ಆದ. ಡ್ರೈವಿಂಗ್ ಲೈಸೆನ್ಸಿನಲ್ಲಿ ಬರೀ 'ಮಂಜುನಾಥ್'. ಬೈಕ್ ಸಾಲ ಕೊಟ್ಟ ಫೈನಾನ್ಸಿನ ಹುಡುಗನಿಗೆ ಸಾಫ್ಟ್‌ವೇರ್ ಲಾಸ್ಟ್ ನೇಮ್ ಖಾನೆ ಖಾಲಿ ಬಿಡಲು ಒಪ್ಪಲಿಲ್ಲ, ಅವನು 'ಮಂಜುನಾಥ್ ಗೌಡ' ಎಂದು ಒತ್ತಿ ಮುಂದಕ್ಕೆ ಹೋದ. ಒಬ್ಬನೇ ಮನುಷ್ಯ, ನಾಲ್ಕು ಹೆಸರು. ಅದೇ ತಾಲ್ಲೂಕಿನಲ್ಲಿ ಇನ್ನೊಬ್ಬ ಮಂಜುನಾಥ್ ಗೌಡ, ಅವನೂ ಜೂನ್ 1, ಅದೇ ಪಿನ್ ಕೋಡ್. ಅವನು ಪ್ಯಾನ್ ಇಲ್ಲದೆ ಫಾರಂ 60 ಕೊಟ್ಟು ಸಣ್ಣದೊಂದು ಸಾಲ ಪಡೆದಿದ್ದಾನೆ, ಮೂರು ಕಂತು ಕಟ್ಟಿಲ್ಲ. ಪ್ಯಾನ್ ಖಾನೆಯ ತೂಕ ಸೊನ್ನೆ. ಹೆಸರು ಹೊಂದಿತು, ದಿನಾಂಕ ಹೊಂದಿತು, ಊರು ಹೊಂದಿತು. ಆ ಮೂರು ಕಂತು ಈಗ ಯಾವ ಮಂಜುನಾಥನ ತಲೆ ಮೇಲೆ?

ಸ್ಪೆಲ್ಲಿಂಗ್ ವ್ಯತ್ಯಾಸವನ್ನು ದಾಟಲು ಯಂತ್ರಗಳು ಕಲಿತ ಹಳೆಯ ವಿದ್ಯೆಯೊಂದಿದೆ, ಹೆಸರು ಸೌಂಡೆಕ್ಸ್. ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಇದಕ್ಕೆ ಪೇಟೆಂಟ್ ಪಡೆದ; ಕಂಪ್ಯೂಟರ್ ಹುಟ್ಟುವ ಮೊದಲೇ, ಕಾರ್ಡುಗಳ ಪೆಟ್ಟಿಗೆಯಲ್ಲಿ ಹೆಸರು ಹುಡುಕುವುದಕ್ಕಾಗಿ. ಇಂಗ್ಲಿಷ್ ಸ್ಪೆಲ್ಲಿಂಗಿನ ಮೊದಲ ಅಕ್ಷರ ಉಳಿಸಿಕೊಂಡು ಸ್ವರಗಳನ್ನು ಬಿಟ್ಟು, ಒಂದೇ ಬಗೆಯ ಸದ್ದಿನ ವ್ಯಂಜನಗಳಿಗೆ ಒಂದೇ ಅಂಕಿ ಕೊಡುವುದು ಅದರ ಕ್ರಮ. ಟಿ ಮತ್ತು ಡಿಗೆ 3, ಎಲ್‌ಗೆ 4, ಎಂ ಮತ್ತು ಎನ್‌ಗೆ 5, ಹೀಗೆ. ಎಚ್ ಮತ್ತು ಡಬ್ಲ್ಯೂ ಲೆಕ್ಕಕ್ಕಿಲ್ಲ. ನಮ್ಮ ಹೆಸರುಗಳ ಮೇಲೆ ಇದನ್ನು ಹಚ್ಚಿ ನೋಡಿದರೆ ಮಜಾ ಇದೆ. ಲಕ್ಷ್ಮಿಯನ್ನು ಕೆ-ಎಸ್-ಎಚ್ ಹಾಕಿ ಬರೆದರೂ ಎಕ್ಸ್ ಹಾಕಿ ಬರೆದರೂ ಎಲ್ 250 ಬರುತ್ತದೆ. ಭೇಷ್! ಹಳೆ ಮೈಸೂರಿನವರು ಡಬ್ಲ್ಯೂ ಹಾಕಿ, ಬೆಳಗಾವಿ ಕಡೆಯವರು ಯು ಹಾಕಿ ಬರೆಯುವ ಗೌಡ ಎರಡೂ ಕಡೆ ಜಿ 300. ಅದೂ ಸರಿ. ಆದರೆ ಗೀತಾ ಕೂಡ ಜಿ 300! ಯಂತ್ರದ ಕಿವಿಗೆ ಗೌಡರೂ ಗೀತಕ್ಕನೂ ಒಂದೇ. ಇನ್ನೊಂದು ಕಡೆ, ವೈ ಅಕ್ಷರದಿಂದ ಶುರುವಾಗುವ ಯಲ್ಲಪ್ಪನೂ ಇ ಅಕ್ಷರದಿಂದ ಶುರುವಾಗುವ ಎಲ್ಲಪ್ಪನೂ ಯಾವ ಕಾಲಕ್ಕೂ ಒಂದಾಗುವುದಿಲ್ಲ. ಮೊದಲ ಅಕ್ಷರವೇ ಬೇರೆ. ಒಬ್ಬನೇ ರೈತ ಎರಡು ಬ್ಯಾಂಕಿನಲ್ಲಿ ಎರಡು ರೀತಿ ಹೆಸರು ಬರೆಸಿದ್ದರೆ ಅವನು ಇಬ್ಬರಾಗುತ್ತಾನೆ. ಸೌಂಡೆಕ್ಸ್ ನಂತರ ಎಷ್ಟೋ ಉತ್ತಮ ವಿಧಾನಗಳು ಬಂದಿವೆ. ಆದರೂ ಕನ್ನಡದ ಹೆಸರು ಇಂಗ್ಲಿಷ್ ಖಾನೆಯೊಳಗೆ ಹೊಕ್ಕು ಹೊರಬರುವಾಗ ಕಳೆದುಕೊಳ್ಳುವುದನ್ನು ಯಾವ ವಿಧಾನವೂ ಪೂರ್ತಿ ತುಂಬಿಕೊಡಲಾರದು.

ತೂಕಗಳನ್ನು ಕೂಡಿಸುವ ಈ ಲೆಕ್ಕಕ್ಕೆ ಇನ್ನೊಂದು ಒಳಪೆಟ್ಟಿದೆ. ವಿವರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಸ್ವತಂತ್ರವಾಗಿದ್ದಾಗ ಮಾತ್ರ ಹೀಗೆ ಕೂಡಿಸಬಹುದು. ನಮ್ಮ ಮನೆಗಳಲ್ಲಿ ವಿಳಾಸ ಒಂದೇ, ಇನಿಷಿಯಲ್ ಒಂದೇ, ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರ್ ಕೂಡ ಹಿರಿಮಗನದ್ದೇ. ಅಣ್ಣ ಮಂಜುನಾಥ, ತಮ್ಮ ಮಂಜೇಶ. ಇಲ್ಲಿ ಮೂರು ನಾಲ್ಕು ವಿವರ ಹೊಂದುವುದು ಮೂರು ನಾಲ್ಕು ಪುರಾವೆಯಲ್ಲ, ಒಂದೇ ಮನೆ ಎಂಬ ಒಂದೇ ಪುರಾವೆ. ಅಣ್ಣನ ಸುಸ್ತಿ ತಮ್ಮನ ವರದಿಯಲ್ಲಿ ಕಾಣಿಸಿಕೊಳ್ಳುವ ದಾರಿ ಇದು.

*

ಫೆಲೆಗಿ ಮತ್ತು ಸಂಟರ್ ಪ್ರಾಮಾಣಿಕರು. ತಮ್ಮ ಸಿದ್ಧಾಂತದಲ್ಲಿ ಅವರು ಇಟ್ಟದ್ದು ಒಂದು ಗಡಿಯಲ್ಲ, ಎರಡು. ಮೇಲಿನ ಗಡಿ ದಾಟಿದರೆ 'ಒಬ್ಬನೇ', ಕೆಳಗಿನದಕ್ಕಿಂತ ಕಡಿಮೆಯಾದರೆ 'ಬೇರೆ ಬೇರೆ'. ನಡುವೆ ಬಿದ್ದ ಜೋಡಿಗಳನ್ನು ಒಬ್ಬ ಗುಮಾಸ್ತ ಕೂತು ಕಣ್ಣಾರೆ ಪರಿಶೀಲಿಸಬೇಕು ಎಂದರು. ಯಂತ್ರಕ್ಕೆ ಅನುಮಾನವಿರುವ ಕಡೆ ಮನುಷ್ಯ ಬೇಕೇ ಬೇಕು ಎಂಬುದು ಆ ಸಿದ್ಧಾಂತದ್ದೇ ಭಾಗ.

ಸಾಲ ಮಾಹಿತಿಯ ವ್ಯಾಪಾರದಲ್ಲಿ ಆ ಗುಮಾಸ್ತನಿಗೆ ಸಂಬಳ ಕೊಡುವವರು ಯಾರು? ಕೋಟ್ಯಂತರ ದಾಖಲೆಗಳ ನಡುವಲಯವನ್ನು ಕಣ್ಣಿನಿಂದ ನೋಡಿಸುವುದು ಕೈಗೆಟುಕುವ ಖರ್ಚಲ್ಲ. ಗಡಿ ಎಲ್ಲಿಟ್ಟರೂ ಒಂದು ಬಗೆಯ ತಪ್ಪು ಕಡಿಮೆಯಾದರೆ ಇನ್ನೊಂದು ಬಗೆಯದ್ದು ಹೆಚ್ಚುತ್ತದೆ. ಸಡಿಲ ಬಿಟ್ಟರೆ ಇನ್ನೊಬ್ಬನ ಸಾಲ ನಿಮ್ಮ ಕಡತಕ್ಕೆ ಸೇರುತ್ತದೆ. ಬಿಗಿ ಮಾಡಿದರೆ ನೀವು ಹತ್ತು ವರ್ಷ ಚಾಚೂ ತಪ್ಪದೆ ಕಟ್ಟಿದ ಸಾಲ ನಿಮ್ಮ ಕಡತದಿಂದ ಹೊರಗುಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ತಕರಾರಿನ ವ್ಯವಸ್ಥೆಯೇ ಆ ಗುಮಾಸ್ತನ ಬದಲಿ. ನಡುವಲಯವನ್ನು ಪರಿಶೀಲಿಸುವ ಕೆಲಸ ಗ್ರಾಹಕನ ಹೆಗಲಿಗೆ ಬಂದಿದೆ, ಪುಕ್ಕಟೆಯಾಗಿ. ನೀವು ವರದಿ ತೆಗೆದು ನೋಡದಿದ್ದರೆ ಯಾರೂ ನೋಡುವುದಿಲ್ಲ.

ಗಡಿ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಕೋರ್ಟ್ ದಾಖಲೆಯೇ ಇದೆ. 2011ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬಾತ ಕಾರು ಕೊಳ್ಳಲು ಹೋದ. ಸಾಲದ ವರದಿ ತೆಗೆದ ಷೋರೂಂನವರು ನಿಮಗೆ ಮಾರುವುದಿಲ್ಲ ಎಂದರು. ಭಯೋತ್ಪಾದಕರು, ಮಾದಕವಸ್ತು ಸಾಗಣೆದಾರರ ಹೆಸರುಗಳಿರುವ ಸರ್ಕಾರಿ ಪಟ್ಟಿಯ ಜೊತೆ ಆತನ ಹೆಸರು ಹೊಂದಿತ್ತು. ವರದಿ ಕೊಟ್ಟಿದ್ದ ಟ್ರಾನ್ಸ್‌ಯೂನಿಯನ್ ತಾಳೆ ನೋಡಿದ್ದು ಹೆಸರಿನ ಮೊದಲ ಮತ್ತು ಕೊನೆಯ ಭಾಗ ಮಾತ್ರ; ಜನ್ಮದಿನಾಂಕ ಕೂಡ ಅಲ್ಲ. ತೂಕದ ಲೆಕ್ಕ ಓದಿದ ನಿಮಗೆ ಇದೆಂಥ ಉಡಾಫೆ ಎಂದು ಹೇಳಬೇಕಿಲ್ಲ. ಹೀಗೆ ಸಿಕ್ಕಿಬಿದ್ದ 8,185 ಜನರ ಪರವಾದ ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2021ರಲ್ಲಿ ಬಂದ ತೀರ್ಪಿನಲ್ಲಿ, ಯಾರ ವರದಿ ಹೊರಗಿನ ವ್ಯಾಪಾರಿಗಳಿಗೆ ತಲುಪಿತ್ತೋ ಆ 1,853 ಜನರಿಗೆ ಮಾತ್ರ ದಾವೆ ಹೂಡುವ ಹಕ್ಕಿದೆ ಎಂದಾಯಿತು. ಉಳಿದವರ ಕಡತದಲ್ಲೂ ಅದೇ ತಪ್ಪಿತ್ತು.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಸುಮಾರು ಸಾವಿರ ಜನರನ್ನು ಆರಿಸಿ, ಅಲ್ಲಿನ ಮೂರು ಪ್ರಮುಖ ಸಾಲ ಮಾಹಿತಿ ಕಂಪನಿಗಳ ವರದಿಯನ್ನು ಅವರ ಜೊತೆ ಕೂತು ಓದಿಸಿ, ತಪ್ಪು ಕಂಡಲ್ಲಿ ತಕರಾರು ಹಾಕಿಸಿ, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿತು. ಐವರಲ್ಲಿ ಒಬ್ಬರ ವರದಿ ತಕರಾರಿನ ನಂತರ ತಿದ್ದುಪಡಿಯಾಯಿತು. ಶೇಕಡಾ 5ರಷ್ಟು ಜನರ ಅಂಕ, ಸಾಲದ ಬಡ್ಡಿದರದ ದರ್ಜೆಯೇ ಬದಲಾಗುವಷ್ಟು ಏರಿತು. ಇದು ಅಲ್ಲಿನ ಮಾತು; ಅಲ್ಲಿ ಇಂಥ ದಾಖಲೆಗಳ ಮೇಲೆ ಗ್ರಾಹಕನಿಗೆ ಹಕ್ಕು ಕೊಟ್ಟ ಕಾನೂನು ಬಂದದ್ದೇ 1970ರಲ್ಲಿ. ಅಷ್ಟು ಹಳೆಯ ವ್ಯವಸ್ಥೆಯೂ ಸೋಸಿದಾಗ ಇಷ್ಟು ಕಲ್ಲು ಸಿಕ್ಕಿತು ಎಂಬುದು ಗಮನಿಸತಕ್ಕದ್ದು.

*

ಎಲ್ಲ ತಪ್ಪೂ ಹೊಂದಾಣಿಕೆಯ ತಪ್ಪಲ್ಲ. ಸಾಲ ನಿಮ್ಮದೇ, ಅದರ ಬಗ್ಗೆ ಬರೆದದ್ದು ಸುಳ್ಳು ಎಂಬ ಬಗೆಯೂ ಇದೆ. ಒಡವೆ ಸಾಲ ತೀರಿಸಿ ಚಿನ್ನ ಬಿಡಿಸಿಕೊಂಡು ವರ್ಷವಾದರೂ ಖಾತೆ ಚಾಲ್ತಿಯಲ್ಲಿದೆ ಎಂದೇ ತೋರಿಸುವುದು, ಕಟ್ಟಿದ ಕಂತು ಬಾಕಿ ಎಂದು ಬರುವುದು, ಒಂದು ಕಂಪನಿ ತನ್ನ ಸಾಲಗಳನ್ನು ಇನ್ನೊಂದಕ್ಕೆ ಮಾರಿದಾಗ ಒಂದೇ ಸಾಲ ಎರಡು ಹೆಸರಿನಲ್ಲಿ ಕಾಣಿಸುವುದು. ಕರ್ನಾಟಕದ ಓದುಗರು ಇಲ್ಲೊಂದು ಸಂಗತಿ ನೆನಪಿಡಬೇಕು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐನಲ್ಲಿ ಸೇರಿತು. ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಈ ನಾಲ್ಕರಲ್ಲಿ ಎಂದೋ ಪಡೆದ ಸಾಲದ ಬಗ್ಗೆ ವರದಿಯಲ್ಲಿ ತಪ್ಪಿದ್ದರೆ ಉತ್ತರ ಕೊಡಬೇಕಾದದ್ದು ಈಗಿನ ಬ್ಯಾಂಕ್. 'ಅದು ಹಳೇ ಬ್ಯಾಂಕಿನ ಕಾಲದ್ದು' ಎಂಬುದು ಉತ್ತರವಲ್ಲ.

ವರದಿ ಕೈಗೆ ಬಂದಾಗ ಮೊದಲು ಅಂಕದ ಕಡೆ ನೋಡಬೇಡಿ. ಮೊದಲ ಪುಟದ ವಿವರ ನೋಡಿ: ನಿಮ್ಮದಲ್ಲದ ಫೋನ್ ನಂಬರ್, ಎಂದೂ ವಾಸವಿರದ ವಿಳಾಸ, ಎರಡನೆಯ ಪ್ಯಾನ್. ಇವು ಬೆರಕೆಯಾದ ಕಡತದ ಮೊದಲ ಲಕ್ಷಣ. ನಂತರ ಪ್ರತಿ ಸಾಲದ ಕೆಳಗೆ ತಿಂಗಳಿಗೊಂದರಂತೆ 36 ಪುಟ್ಟ ಮನೆಗಳ ಸಾಲು ಇರುತ್ತದೆ. ಕಂತು ತಪ್ಪಿ ಎಷ್ಟು ದಿನವಾಯಿತು ಎಂಬುದರ ಲೆಕ್ಕ ಅದು. 000 ಎಂದರೆ ಎಲ್ಲ ಸರಿ. 045 ಎಂದರೆ ಆ ತಿಂಗಳ ಲೆಕ್ಕಕ್ಕೆ 45 ದಿನ ತಡ. ತಡ 90 ದಿನ ಮೀರಿದರೆ ಬ್ಯಾಂಕ್ ಅದನ್ನು ವಸೂಲಾಗದ ಸಾಲ ಎಂದು ಬೇರೆ ಕಪಾಟಿಗೆ ಹಾಕುತ್ತದೆ. ಮೂರು ಎಕ್ಸ್ ಕಂಡು ಬೆಚ್ಚುವವರಿದ್ದಾರೆ. ಆ ತಿಂಗಳು ಬ್ಯಾಂಕ್ ಮಾಹಿತಿ ಕಳಿಸಿಲ್ಲ ಎಂದಷ್ಟೇ ಅದರ ಅರ್ಥ. ಒಂದು ಸಾಲಿನಲ್ಲಿ 000, 000, 030, 060, 000 ಎಂದಿದ್ದರೆ ಆ ಎರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಹುಡುಕಿ. ಕಂತಿನ ಹಣ ನಿಮ್ಮ ಖಾತೆಯಿಂದ ಹೋದ ದಿನಾಂಕ ಅಲ್ಲಿದ್ದರೆ ನಿಮ್ಮ ಕೇಸು ಅರ್ಧ ಗೆದ್ದಂತೆ. ಸಾಲದ ಪಕ್ಕದಲ್ಲಿ 'ಗ್ಯಾರಂಟರ್' ಎಂದಿದೆಯೇ ಎಂದೂ ನೋಡಿ. ಭಾವಮೈದನ ಟ್ರ್ಯಾಕ್ಟರ್ ಸಾಲಕ್ಕೆ ಹಾಕಿದ ಜಾಮೀನು ಸಹಿ ಮರೆತುಹೋಗಿರಬಹುದು. ವರದಿ ಮರೆಯುವುದಿಲ್ಲ, ಅದು ತಪ್ಪೂ ಅಲ್ಲ.

ಇನ್ನು ತಕರಾರು. ಇಲ್ಲಿ ಹೆಚ್ಚಿನವರು ಎಡವುವ ಜಾಗವೊಂದಿದೆ. ಸಿಬಿಲ್‌ನವರೇ ಬರೆದದ್ದು, ಅವರೇ ಅಳಿಸಲಿ ಎಂದು ಕೂರುತ್ತಾರೆ. ಪಹಣಿಯಲ್ಲಿ ಹೆಸರು ತಪ್ಪಾದರೆ ಪ್ರಿಂಟ್ ತೆಗೆದುಕೊಟ್ಟ ನಾಡಕಚೇರಿಯ ಆಪರೇಟರ್ ಜೊತೆ ಜಗಳವಾಡಿ ಏನು ಪ್ರಯೋಜನ? ಇಲ್ಲೂ ಹಾಗೆಯೇ. 2005ರ ಕಾಯ್ದೆಯ 21ನೇ ಕಲಮಿನ ಪ್ರಕಾರ ತಿದ್ದುಪಡಿ ಕೇಳುವುದು ನಿಮ್ಮ ಹಕ್ಕು, 30 ದಿನದಲ್ಲಿ ಕ್ರಮ ಕೈಗೊಳ್ಳುವುದು ಅವರ ಕರ್ತವ್ಯ. ಆದರೆ ಸಾಲ ಕೊಟ್ಟ ಸಂಸ್ಥೆ 'ಹೌದು, ತಿದ್ದುಪಡಿ ಸರಿ' ಎಂದು ಒಪ್ಪದೆ ಸಾಲ ಮಾಹಿತಿ ಕಂಪನಿ ಒಂದಕ್ಷರವನ್ನೂ ಬದಲಿಸುವಂತಿಲ್ಲ. ಆದ್ದರಿಂದ ಅರ್ಜಿ ಎರಡೂ ಕಡೆ ಹೋಗಬೇಕು. ಕಂಪನಿಯ ವೆಬ್‌ಸೈಟಿನಲ್ಲಿ ವರದಿಯ ನಿರ್ದಿಷ್ಟ ಖಾನೆಯನ್ನು ಆರಿಸಿ ತಕರಾರು ದಾಖಲಿಸಬಹುದು, ಅದಕ್ಕೆ ಹಣವಿಲ್ಲ. ಅದೇ ದಿನ ಬ್ಯಾಂಕಿನ ಕುಂದುಕೊರತೆ ವಿಭಾಗಕ್ಕೂ ಒಂದು ಇಮೇಲ್ ಹಾಕಿ, ದೂರಿನ ಸಂಖ್ಯೆ ಪಡೆದಿಟ್ಟುಕೊಳ್ಳಿ. ಶಾಖೆಗೆ ಹೋಗಿ ಬಾಯಿಮಾತಿನಲ್ಲಿ ಹೇಳಿ ಬಂದದ್ದು ಲೆಕ್ಕಕ್ಕೆ ಬರುವುದಿಲ್ಲ.

ಏನು ಬರೆಯಬೇಕು ಎಂಬುದಕ್ಕೆ ತೂಕದ ಲೆಕ್ಕವೇ ದಾರಿ ತೋರಿಸುತ್ತದೆ. 'ನನ್ನ ಸಿಬಿಲ್ ಹಾಳಾಗಿದೆ, ದಯವಿಟ್ಟು ಸರಿಪಡಿಸಿ' ಎಂಬ ಅರ್ಜಿಯಲ್ಲಿ ಪುರಾವೆಯ ತೂಕ ಸೊನ್ನೆ. ನಮ್ಮ ಮಂಜುನಾಥ ಹೀಗೆ ಬರೆಯಬೇಕು: 'ಇಂಥ ಕಂಟ್ರೋಲ್ ನಂಬರಿನ ವರದಿಯಲ್ಲಿ ತೋರಿಸಿರುವ, ಇಂಥ ಸಂಖ್ಯೆಯ ಸಾಲ ನನ್ನದಲ್ಲ. ಆ ಸಾಲದ ಮೂಲ ಅರ್ಜಿಯಲ್ಲಿರುವ ಗುರುತಿನ ಚೀಟಿ, ತಂದೆಯ ಹೆಸರು, ಸಹಿ ಮತ್ತು ಫೋಟೊವನ್ನು ಈ ಜೊತೆಗಿರುವ ನನ್ನ ಪ್ಯಾನ್ ಪ್ರತಿಯೊಂದಿಗೆ ತಾಳೆ ನೋಡಿ ತಿಳಿಸಿ.' ಯಂತ್ರ ಖಾಲಿ ಎಂದು ಬಿಟ್ಟ, ಭಾರಿ ತೂಕದ ಖಾನೆಗಳ ಕಡೆಗೇ ಇದು ಮನುಷ್ಯನ ಕಣ್ಣನ್ನು ಎಳೆದು ತರುತ್ತದೆ. ಸಾಲ ನಿಮ್ಮದೇ ಆಗಿ ವಿವರ ತಪ್ಪಾಗಿದ್ದರೆ ನೋ ಡ್ಯೂ ಸರ್ಟಿಫಿಕೇಟ್, ಕೊನೆಯ ಕಂತಿನ ರಸೀದಿ ಇಷ್ಟು ಸಾಕು. ಒಂದು ಅರ್ಜಿಗೆ ಒಂದೇ ತಕರಾರು. ಐದು ದೂರನ್ನು ಒಂದರಲ್ಲೇ ತುರುಕಿದರೆ ನಾಲ್ಕಕ್ಕೆ ಉತ್ತರ ಬರುವುದಿಲ್ಲ. ಯಾರೋ ನಿಮ್ಮ ಪ್ಯಾನ್ ಕದ್ದು ಆ್ಯಪ್‌ನಲ್ಲಿ ಸಾಲ ಎತ್ತಿದ್ದಾರೆ ಎಂಬ ಅನುಮಾನವಿದ್ದರೆ ಮೊದಲು 1930ಕ್ಕೆ ಕರೆ ಮಾಡಿ ಸೈಬರ್ ಅಪರಾಧ ದೂರು ದಾಖಲಿಸಿ, ಅದರ ಪ್ರತಿಯನ್ನೂ ಲಗತ್ತಿಸಿ.

ಗಡಿಯಾರ ಈಗ ನಿಮ್ಮ ಪರವಾಗಿ ಓಡುತ್ತದೆ. ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಹೊರಡಿಸಿದ, 2024ರ ಏಪ್ರಿಲ್ 26ರಿಂದ ಜಾರಿಯಾದ ನಿಯಮದಂತೆ ದೂರು ಕೊಟ್ಟ 30 ದಿನದೊಳಗೆ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ತಡಮಾಡಿದ್ದು ಯಾರು ಎಂಬ ಜಗಳಕ್ಕೂ ಅಲ್ಲೇ ಮದ್ದಿದೆ: 21 ದಿನದೊಳಗೆ ಬ್ಯಾಂಕ್ ಸರಿಪಡಿಸಿದ ಮಾಹಿತಿ ಕಳಿಸದಿದ್ದರೆ ಬ್ಯಾಂಕ್ ಕೊಡಬೇಕು, ಕಳಿಸಿದ ಮೇಲೂ ಸಾಲ ಮಾಹಿತಿ ಕಂಪನಿ ಕೂತರೆ ಕಂಪನಿ ಕೊಡಬೇಕು. ತಿದ್ದುಪಡಿ ತಿರಸ್ಕರಿಸಿದರೆ ಕಾರಣ ಹೇಳಬೇಕು. ಹಾಗೂ ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಸಾಲ ಮಾಹಿತಿ ಕಂಪನಿಗಳನ್ನೂ 2022ರ ಸೆಪ್ಟೆಂಬರ್‌ನಿಂದ ಅವರ ವ್ಯಾಪ್ತಿಗೆ ತರಲಾಗಿದೆ. ಅಲ್ಲಿ ವಕೀಲರೂ ಬೇಡ, ಶುಲ್ಕವೂ ಇಲ್ಲ. ನೂರು ರೂಪಾಯಿ ದೊಡ್ಡದಲ್ಲ. ಆದರೆ ದಿನಕ್ಕೆ ನೂರು ಏರುವ ಕಡತ ಯಾವ ಮ್ಯಾನೇಜರ್‌ಗೂ ಹಿತವಲ್ಲ.

ಒಂದು ಮಿತಿ ಇದೆ. ತಕರಾರು ಹಾಕಬಹುದಾದದ್ದು ಮಾಹಿತಿಯ ಮೇಲೆ, ಅಂಕದ ಮೇಲಲ್ಲ. 'ನನಗೆ 680 ಯಾಕೆ, 750 ಯಾಕಿಲ್ಲ' ಎಂಬ ದೂರಿಗೆ ಈ ಪರಿಹಾರ ನಿಯಮ ಅನ್ವಯಿಸುವುದಿಲ್ಲ. ಮಾಹಿತಿ ಸರಿಯಾದರೆ ಅಂಕ ತಾನೇ ಹೊಸದಾಗಿ ಲೆಕ್ಕವಾಗುತ್ತದೆ. ಇನ್ನೊಂದು, ನಿಜವಾಗಿ ಆದದ್ದನ್ನು ಅಳಿಸಲು ಬರುವುದಿಲ್ಲ. ಒಂದು ಲಕ್ಷ ಬಾಕಿಗೆ ಅರವತ್ತು ಸಾವಿರ ಕೊಟ್ಟು ಮುಗಿಸಿಕೊಂಡವರ ವರದಿಯಲ್ಲಿ 'ಸೆಟಲ್ಡ್' ಎಂದು ಬರುತ್ತದೆ. ಮುಂದಿನ ಬ್ಯಾಂಕಿಗೆ ಅದು ಇಷ್ಟವಾಗದ ಪದ, ಆದರೆ ಸುಳ್ಳಲ್ಲ. ಉಳಿದ ಹಣ ಕಟ್ಟಿ ಖಾತೆ ಪೂರ್ತಿ ಮುಚ್ಚಿಸುವುದೊಂದೇ ಅದಕ್ಕೆ ದಾರಿ. ಹೊಸ ಕಂತುಗಳನ್ನು ಸರಿಯಾಗಿ ಕಟ್ಟುತ್ತಾ ಹೋದಂತೆ ಹಳೆಯ ತಪ್ಪಿನ ಭಾರ ಇಳಿಯುತ್ತದೆ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕಾಗಿರುವುದರಿಂದ ಒಳ್ಳೆಯದೂ ಮೊದಲಿಗಿಂತ ಬೇಗ ಕಾಣಿಸುತ್ತದೆ.

ಕರೆಂಟ್ ಕಂಬಗಳ ಮೇಲೆ, ಫೋನ್ ಮೆಸೇಜುಗಳಲ್ಲಿ 'ಸಿಬಿಲ್ ಸರಿ ಮಾಡಿಕೊಡುತ್ತೇವೆ' ಎನ್ನುವ ಏಜೆಂಟರು ಸಿಗುತ್ತಾರೆ. ಅಮೆರಿಕದಲ್ಲಿ ಇಂಥವರು ಕೆಲಸ ಮುಗಿಸುವ ಮೊದಲು ಹಣ ತೆಗೆದುಕೊಳ್ಳುವಂತಿಲ್ಲ ಎಂದು 1996ರಲ್ಲೇ ಕಾನೂನು ಮಾಡಿದರು. ಬ್ಯಾಂಕ್ ಒಪ್ಪದೆ ಒಂದಕ್ಷರ ಬದಲಾಗದು ಎಂದ ಮೇಲೆ ಈ ಏಜೆಂಟರ ಕೈಯಲ್ಲಿ ನಿಮ್ಮ ಕೈಯಲ್ಲಿಲ್ಲದ ಯಾವ ಅಧಿಕಾರವಿದೆ? ಅವರು ಹಾಕುವುದೂ ಅದೇ ಅರ್ಜಿ. ಜೊತೆಗೆ ನಿಮ್ಮ ಪ್ಯಾನ್, ಆಧಾರ್, ಒಟಿಪಿ ಅವರ ಕೈಗೆ ಹೋಗಿರುತ್ತದೆ.

ನಾಲ್ಕು ಕಂಪನಿಗಳೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದ ಇದೆ. ಮೂರು ತಿಂಗಳಿಗೊಂದು ಕಂಪನಿಯದ್ದನ್ನು ತೆಗೆದರೆ ವರ್ಷವಿಡೀ ಕಾಸು ಖರ್ಚಿಲ್ಲದೆ ಕಣ್ಣಿಟ್ಟಂತಾಗುತ್ತದೆ. ನಿಮ್ಮ ವರದಿಯನ್ನು ನೀವೇ ತೆಗೆದು ನೋಡಿದರೆ ಅಂಕ ಇಳಿಯುವುದಿಲ್ಲ. ಮನೆ ಸಾಲದ ಅರ್ಜಿ ಹಾಕಿದ ಮೇಲಲ್ಲ, ಹಾಕಬೇಕೆಂದು ಯೋಚಿಸುವ ಆರು ತಿಂಗಳು ಮೊದಲೇ ಮೊದಲನೆಯದನ್ನು ತೆಗೆಯಿರಿ. ಹೆಸರಿನಲ್ಲಿ ಮಂಜುನಾಥ ಇದ್ದು ಹುಟ್ಟಿದ ದಿನ ಜೂನ್ 1 ಆಗಿದ್ದರೆ ಇವತ್ತೇ ತೆಗೆಯಿರಿ.